ಎರಡನೇ ಡಿಸ್ಕ್

೪ ನವೆಂಬರ್ ೨೦೨೪, ಸೋಮವಾರ. ಬೆಳಿಗ್ಗೆ ೧೦-೪೦

ಮಗ್ಗ ಮತ್ತೆ ನಿಂತಿತು. ಸೀರೆಯ ಮೆಣಸಿನ ಬಳ್ಳಿಯ ಅಂಚು, ಹನ್ನೊಂದನೇ ಅಂಗುಲ. ಪರದೆಯ ತುಂಬ ಬಿಳಿಯ ಅಕ್ಷರ. ಎಳೆ ಹರಿದರೆ ಮೊದಲು ಮಗ್ಗ ನಿಲ್ಲಿಸು — ತಂದೆ ಕಲಿಸಿದ ಮೊದಲ ಪಾಠ. ಮೈನ್ ಸ್ವಿಚ್ ಇಳಿಸಿದೆ.

ಅಂಚಿನ ವಿನ್ಯಾಸ ಎತ್ತುವ ಜಕಾರ್ಡ್ ನಡೆಸುವ ಈ ಲಿನಕ್ಸ್ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದವಳು ನನ್ನ ಮಗಳು ಕಾರ್ತಿಕಾ. ‘ತಪ್ಪು ನನ್ನ ಪ್ರೋಗ್ರಾಮಿನದಲ್ಲ, ನೇಕಾರರ ಸಂಘ ಕೊಂಡು ಕಂಪ್ಯೂಟರಿಗೆ ಹಾಕಿದ ಕಾರ್ಡಿನದು’ ಎಂದು ಸೆಪ್ಟೆಂಬರ್ ಸಭೆಯಲ್ಲಿ ವಾದಿಸಿದಳು. ಆಧಾರವಿಲ್ಲದ ವಾದ ವಾದವಲ್ಲವೆಂದು ಅಧ್ಯಕ್ಷನಾಗಿ ನಾನೇ ತೀರ್ಪಿತ್ತೆ. ಒಂಬತ್ತನೇ ದಿನ ಡೆಂಗಿ ಜ್ವರ ಅವಳನ್ನು ಒಯ್ದಿತು. ಮಗಳು ಇಲ್ಲ.

೨೨ರ ಸಭೆಯ ಬಳಿಕ ಸಂಘದವರು ಅವಳ ಪ್ರೋಗ್ರಾಮನ್ನು ಪೂರ್ತಿ ಅಳಿಸುತ್ತಾರೆ. ಅಷ್ಟರೊಳಗೆ ಆಧಾರ ಬೇಕು.

೬ ನವೆಂಬರ್. ಸಂಜೆ

ಹೆಂಡತಿ ಶಾರದಳ ಅಣ್ಣನ ಮಗ ಪ್ರಭಾಕರನ್ ಧರ್ಮಪುರಿಯಿಂದ ಬಂದ. ನಾನು ಸಂಘದಿಂದ ಮರಳುವಷ್ಟರಲ್ಲಿ ಕೆಲಸ ಮುಗಿಸಿದ್ದ.

“ಮಾಮಾ, ಕರ್ನೆಲ್, ಅಂದ್ರೆ ಕಂಪ್ಯೂಟರಿನ ತಿರುಳು, ಬಿದ್ದೋದ್ರೆ ಇನ್ನೊಂದು ಚಿಕ್ಕ ಕರ್ನೆಲ್ ಎದ್ದು, ಬಿದ್ದವನ ನೆನಪನ್ನೆಲ್ಲ ಡಿಸ್ಕಿಗೆ ಬರೀತೈತೆ. ಅದಕ್ಕೆ ಗೊತ್ತಿದ್ದದ್ದು ಮೊದಲನೇ ಡಿಸ್ಕ್ ಒಂದೇ. ಅಲ್ಲಿ ಇಡಮೇ ಇಲ್ಲ. ಜಾಗ ಇರೋದು ಎರಡನೇದ್ರಲ್ಲಿ, ಅದು ಮೌಂಟ್ ಆಗ್ತಿರಲಿಲ್ಲ, ಅಂದ್ರೆ ಚಿಕ್ಕದಕ್ಕೆ ಸಿಗ್ತಿರಲಿಲ್ಲ. ಈಗ ಚಿಕ್ಕದು ಏಳ್ತಿದ್ದಂಗೇ ಮೌಂಟ್ ಆಗೋ ಹಂಗೆ ಮಾಡಿದೀನಿ. ಬೇಕಂತಲೇ ಬೀಳಿಸಿ ನೋಡ್ದೆ. ಫೈಲ್ ಬಂತು. ನಿಜವಾಗಿ ಬಿದ್ದಾಗ ಬರೋ ಫೈಲಲ್ಲಿ ತಪ್ಪು ಯಾರದು ಅಂತ ಗೊತ್ತಾಗ್ತೈತೆ.”

ಅಡುಗೆಮನೆಯಿಂದ ಶಾರದ: “ನಿಮ್ಮ ಮಾಮ ಆವತ್ತು ಸಭೇಲೇ ಮಗಳ ಮೇಲೆ ಗೆದ್ದಾಯ್ತಲ್ಲಪ್ಪ. ಇನ್ನೂ ಯಾರ ಮೇಲೆ ವಾದ?”

ನಾನು ಎದ್ದು ಮಗ್ಗದ ಕಡೆ ನಡೆದೆ.

೧೪ ನವೆಂಬರ್. ಮಧ್ಯಾಹ್ನ

ನಿಂತಿತು. ಎರಡನೇ ಡಿಸ್ಕ್ ಬರಿದು. ಪ್ರಭಾಕರನಿಗೆ ಫೋನ್ ಮಾಡಿದೆ.

“ಬಿದ್ದ ಮೇಲೆ ಎಷ್ಟು ಹೊತ್ತು ಬಿಟ್ರಿ ಮಾಮಾ?”

“ಬಿಡುವುದೇ? ತಕ್ಷಣ ಸ್ವಿಚ್ ಇಳಿಸಿದೆ.”

“ಅಯ್ಯೋ ಮಾಮಾ. ಚಿಕ್ಕದು ಎದ್ದು, ಡಿಸ್ಕ್ ಮೌಂಟ್ ಮಾಡೋಕೇ ಒಂದು ನಿಮಿಷ ಬೇಕು. ಅದು ಬಾಯಿ ತೆರೆಯೋ ಮುಂಚೇನೇ ಕುತ್ತಿಗೆ ಇಸುಕಿದ್ರಲ್ಲ.”

ಸೆಪ್ಟೆಂಬರ್ ಸಭೆಯ ದಿನ ನೆನಪಾಯಿತು. ಕಾರ್ತಿಕಾಳ ಕೊನೆಯ ವಾಕ್ಯ: “ಅಪ್ಪಾ, ಅದು ನಿಂತಾಗ ಮುಟ್ಟಬೇಡಿ, ಅದೇ…” ನನಗೆ ಕಾಲೇಜಿನ ಚರ್ಚಾಕೂಟದ ಅಭ್ಯಾಸ. ಮೇಜಿನ ಗಂಟೆ ಒತ್ತಿದೆ. ಸಮಯ ಮುಗಿಯಿತು ಎಂದೆ.

೧೯ ನವೆಂಬರ್

ಐದು ದಿನ. ಒಂದು ಎಳೆಯೂ ಹರಿದಿಲ್ಲ. ನೇಯುವ ಲಕ್ಷ್ಮಣನ್ ನಗುತ್ತಾನೆ: “ಮಗ್ಗ ಎಣ್ಣೆ ಹಾಕ್ದಂಗೆ ಓಡ್ತೈತೆ ಅಣ್ಣಾ. ನೀವ್ಯಾಕೆ ಸಾವಿನ ಮನೇಲಿ ಕೂತಂಗೆ ಕೂತಿದ್ದೀರಿ?” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಕೆಡು ಎಂದು ಮಗ್ಗವನ್ನು ಬೇಡುತ್ತಿದ್ದೇನೆ. ಚೌಡೇಶ್ವರಿಯ ಮುಂದೆಯೂ ಅದನ್ನೇ ಬೇಡಿದೆ. ನಾಚಿಕೆಯಾಗಲಿಲ್ಲ.

೨೧ ನವೆಂಬರ್. ಮಧ್ಯಾಹ್ನ ೩-೧೦

ನಿಂತಿತು!

ಲಕ್ಷ್ಮಣನ ಕೈ ಸ್ವಿಚ್ಚಿಗೆ ಹೋಯಿತು. ಮುಂಗೈ ಹಿಡಿದೆ. “ಹಾಸಿನ ಎಳೆ ಸಡಿಲ ಆಗ್ತೈತೆ ಅಣ್ಣಾ! ಸೀರೆ ಓಗ್ತೈತೆ!” ಹೋಗಲಿ ಎಂದೆ. ಅವನ ಕೈ ಬಿಡಲಿಲ್ಲ. ನನ್ನ ಇನ್ನೊಂದು ಕೈಯೂ ಎದ್ದಿತು — ಅದನ್ನು ಬೆನ್ನ ಹಿಂದೆ ಒತ್ತಿಕೊಂಡೆ.

ಪರದೆ ಕಪ್ಪಾಯಿತು. ಬಳಿಕ ಸಣ್ಣ ಅಕ್ಷರ. ಎರಡನೇ ಡಿಸ್ಕ್ ಮೌಂಟ್ ಆಯಿತು. ಶೇಕಡಾ ಏಳು… ಮೂವತ್ತೊಂದು… ಅರವತ್ತನಾಲ್ಕರಲ್ಲಿ ತಡೆದು ನಿಂತಿತು.

ನೂರು.

ಸಂಜೆ ೫-೩೫

ಫೈಲ್ ಇದೆ. ಪ್ರಭಾಕರನ್ ಬಂದು ತೆರೆದಿದ್ದಾನೆ. ಬೆರಳಿಟ್ಟು ಸಾಲು ಸಾಲಾಗಿ ಓದುತ್ತಿದ್ದಾನೆ. ಶಾರದ ಬಾಗಿಲಲ್ಲಿ ನಿಂತಿದ್ದಾಳೆ. ಈ ಸಲ ನಾನು ನಡುವೆ ಮಾತಾಡುವುದಿಲ್ಲ. ತಪ್ಪು ಮಗಳದಾದರೆ ನಾಳೆ ಸಭೆಯಲ್ಲಿ ನಾನೇ ಓದುವೆ. ಅವಳದಲ್ಲವೆಂದಾದರೆ, ನನ್ನ ತೀರ್ಪೇ ತಪ್ಪೆಂದು ನಾನು —