ನೆರಳುಮನೆಯ ಬಾಗಿಲು

ಕಲಬುರಗಿ, ಉರಿಮಾಸದ ಎರಡನೇ ವಾರ, ೨೧೮೭

ತಂತ್ರಾಂಶ ಕಟ್ಟುವ ಹಿಂದಿನ ಕಾಲದ ಗೆಳೆಯರಿಗೆ,

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಉರಿಮಾಸ ಎಂದರೆ ಮೇ ಮತ್ತು ಜೂನ್ ನಡುವೆ ನಾವು ಸೇರಿಸಿಕೊಂಡ ತಿಂಗಳು. ಆಗ ಶಾಲೆ, ಸಂತೆ, ಮದುವೆ ಯಾವುದೂ ಇಲ್ಲ. ಬಿಸಿಲೇರುವ ಮೊದಲೇ ಜನ ಚಾಪೆ, ಬುತ್ತಿ ಹಿಡಿದು ನೆರಳುಮನೆಗೆ ಇಳಿಯುತ್ತಾರೆ. ನೆಲದಡಿ ಕೊರೆದ ತಂಪು ಹಜಾರಕ್ಕೆ ನಾವಿಟ್ಟ ಹೆಸರು ಅದು. ಅಲ್ಲಿ ಹೆಂಗಸರು ಜೋಳ ಹಸನು ಮಾಡುತ್ತಾರೆ, ಮಕ್ಕಳು ಜಗಳವಾಡುತ್ತಾರೆ, ಮುದುಕರು ನಿದ್ದೆ ಹೋಗುತ್ತಾರೆ. ತಂಪು ಸೋರದಂತೆ ದಪ್ಪ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಹೊರಗೋಡೆಯ ಸ್ಪರ್ಶಪರದೆಯನ್ನು ಒತ್ತಿದವರಿಗೆ ಅದು ತೆರೆಯುತ್ತದೆ.

ಆ ಪರದೆಯ ತಂತ್ರಾಂಶ ಮಾಡಿದ ತಂಡದಲ್ಲಿ ನಾನಿದ್ದೆ. ನನ್ನ ಹೆಸರು ನೀಲಗಂಗಾ, ಕೆಲಸ ಬಳಕೆಯ ವಿನ್ಯಾಸ, ಅಂದರೆ ಜನ ತೊಡಕಿಲ್ಲದೆ ಬಳಸುವಂತೆ ಪರದೆಯನ್ನು ರೂಪಿಸುವುದು. ನಾವು ದುಡಿಯುತ್ತಿದ್ದದ್ದು ನಿಮ್ಮಿಂದ ಬಂದ ಪದ್ಧತಿಯಲ್ಲೇ: ಎರಡು ವಾರಕ್ಕೊಂದು ಸುತ್ತು, ಸುತ್ತಿನ ಕೊನೆಗೆ ಅಷ್ಟಿಷ್ಟು ಸಿದ್ಧ, ಮತ್ತೆ ಹೊಸ ಸುತ್ತು. ಪದ್ಧತಿಯನ್ನು ನಾನು ದೂರುವುದಿಲ್ಲ. ತಪ್ಪು ಚಿಕ್ಕದಿದ್ದಾಗಲೇ ತಿಳಿಯಲೆಂದೇ ನೀವು ಅದನ್ನು ಕಂಡುಕೊಂಡಿರಬೇಕು. ಆದರೆ ಯಾರಿಂದ ತಿಳಿಯಬೇಕಿತ್ತೋ ಅವರ ಹತ್ತಿರ ನಾವು ಹೋಗಲೇ ಇಲ್ಲ. ಎಲ್ಲ ಬರೆದು ಮುಗಿಸಿದ ಮೇಲೆ, ಚೆಂದ ಮಾಡಿಕೊಡು ಎಂದು ನನ್ನನ್ನು ಕರೆಯುತ್ತಿದ್ದರು. ಪ್ರತಿ ಸಭೆಯಲ್ಲೂ ನಾನು ಕೇಳಿದ್ದು ಒಂದೇ: ಪರದೆಯನ್ನು ಬಿಸಿಲಿಗೆ ಒಯ್ದು, ಊರವರ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತು ನೋಡೋಣ.

ತಂಡದ ಮುಖ್ಯಸ್ಥ ಚನ್ನವೀರ ಕೆಟ್ಟವನಲ್ಲ. "ಈ ಸುತ್ತಿನ್ಯಾಗ ಜಾಗಾ ಇಲ್ಲ ನೀಲಾ, ಮುಂದಿಂದ್ರಾಗ ಹಾಕೋಣು," ಎನ್ನುತ್ತಿದ್ದ. ಮುಂದಿನದರಲ್ಲೂ ಜಾಗ ಇರುತ್ತಿರಲಿಲ್ಲ. ಪರದೆಯನ್ನು ನಾವು ಪರೀಕ್ಷಿಸಿದ್ದೆಲ್ಲ ನೆಲದಡಿಯ ಕಚೇರಿಯಲ್ಲಿ, ನಮ್ಮದೇ ಕೈಗಳಿಂದ. ಕೊನೆಯ ಸುತ್ತಿನಲ್ಲಿ, ನನಗೆ ತೋರಿಸದೆಯೇ, ಎರಡನೆಯ ಗುಂಡಿಯೊಂದನ್ನು ಸೇರಿಸಿದರು. ಮೊದಲ ಸಲ ಒತ್ತಿದರೆ ಚಕ್ರವೊಂದು ತಿರುಗುತ್ತದೆ, ಅದರ ಕೆಳಗೆ ತಿಳಿಬೂದು ಬಣ್ಣದಲ್ಲಿ "ಖಚಿತಪಡಿಸಿ" ಎಂದು ಮೂಡುತ್ತದೆ. ಅದನ್ನೂ ಒತ್ತಿದರೆ ಬಾಗಿಲು ತೆರೆಯುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಚಕ್ರ ಮಾತ್ರ.

ವಿಮಲಾಬಾಯಿ ಟೀಚರ್ ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು, ಚನ್ನವೀರನಿಗೂ. ಉರಿಮಾಸದ ಒಂದು ದಿನ ತಂಗಿಯ ಮನೆಯಿಂದ ತಡವಾಗಿ ಹೊರಟು ಮಟಮಟ ಮಧ್ಯಾಹ್ನ ನೆರಳುಮನೆ ಮುಟ್ಟಿದರು. ಮುಂದಿನದನ್ನು ನಾವು ನೋಡಿದ್ದು ಎಲ್ಲ ಮುಗಿದ ಮೇಲೆ, ಬಾಗಿಲ ಕ್ಯಾಮೆರಾದ ದಾಖಲೆಯಲ್ಲಿ. ಟೀಚರ್ ಒತ್ತಿದರು, ಚಕ್ರ ತಿರುಗಿತು. ಕೆಲಸ ನಡೆದಿದೆ ಎಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು, ಸೆರಗು ಹೊದ್ದು ಕಾದರು. ಬಾಗಿಲು ಬಡಿಯಲಿಲ್ಲ. "ತೆರೀತದ, ಈಗ ತೆರೀತದ," ಎಂದು ತಮಗೆ ತಾವೇ ಹೇಳಿಕೊಂಡದ್ದು ಕೇಳಿಸುತ್ತದೆ. ಆಮೇಲೆ ಗೋಡೆಗೆ ಒರಗಿದರು, ಹಾಗೆಯೇ ಕುಸಿದರು, ಮತ್ತೆ ಏಳಲಿಲ್ಲ. ಅದೇ ಹೊತ್ತಿಗೆ ಬಾಗಿಲಿನ ಈಚೆ, ತಂಪಿನಲ್ಲಿ, ನಾವು ಊಟಕ್ಕೆ ಕೂತಿದ್ದೆವು.

ಚನ್ನವೀರ ಪೂರ್ತಿ ನೋಡಲಾರದೆ ಎದ್ದುಹೋದ. ಆ ಗುಂಡಿಯನ್ನು ತೆಗೆದದ್ದು ಒಂದು ಮುಂಜಾನೆಯ ಕೆಲಸ. ಆಮೇಲೆ ಕೆಲವು ತಿಂಗಳು ಪ್ರತಿ ಸುತ್ತಿಗೂ ನಾನು ಮೊದಲ ದಿನದಿಂದಲೇ ಕೂತೆ. ಊರವರು ಬಂದು ಒತ್ತಿದರು, ನಾವು ನೋಡಿದೆವು, ಅದೇ ವಾರ ತಿದ್ದಿದೆವು. ಇಷ್ಟು ಸುಲಭವಿತ್ತೇ ಎಂದು ನನಗೆ ರಾತ್ರಿಯಿಡೀ ನಿದ್ದೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಚನ್ನವೀರ ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದ ಅಡಿವೆಪ್ಪನಿಗೆ ಆತುರ. ತೆರೆಯುವ ಮೊದಲು ಬಂದವರ ಗುರುತು ಕೇಳುವ ಹೊಸ ಪರದೆ ಬಂತು, ನನ್ನನ್ನು ಕೇಳದೆ. ನಾನೂ ಹೊರಬಿದ್ದೆ.

ಈಗ ಉರಿಮಾಸದ ಮಧ್ಯಾಹ್ನಗಳಲ್ಲಿ ಮೈ ತಂಪಾಗಿಡುವ ತಂಪಂಗಿ ತೊಟ್ಟು ಆ ಬಾಗಿಲ ಹೊರಗೇ ಕೂರುತ್ತೇನೆ. ತಡಬಡಾಯಿಸುವವರ ಕೈಹಿಡಿದು ಒತ್ತಿಸುತ್ತೇನೆ. ಮೊನ್ನೆ ಅಡಿವೆಪ್ಪನ ಬಳಿ ಹೋಗಿ, ಜನರಿಗೆ ತಿಳಿಯುತ್ತಿಲ್ಲ, ಇದನ್ನು ತಿದ್ದಿ ಎಂದೆ. ಅವನು ನಕ್ಕ. "ನೀವಽ ಅಲ್ಲಿ ಕುಂತೀರಲ್ರಿ ಅಕ್ಕಾರ, ಮತ್ಯಾಕ ಚಿಂತಿ? ಎಲ್ಲಾರೂ ಒಳಗ ಹೊಂಟಾರ. ದೂರು ಒಂದೂ ಬಂದಿಲ್ಲ."

ಊರಿನಲ್ಲಿ ಇನ್ನೆಷ್ಟೋ ಬಾಗಿಲುಗಳಿವೆ. ನಾನು ಒಬ್ಬಳು. ನಿಮಗಾದರೂ ಇನ್ನೂ ಕಾಲವಿದೆ. ಒಮ್ಮೆ ಹೊರಗೆ ಬಂದು ನಿಲ್ಲಿ.

ನೀಲಗಂಗಾ