ಬೆಳ್ಳುಳ್ಳಿ ಕಾಣದ ಒರಳನ್ನು ಬಂದ್ ಮಾಡಿಸಿದವರಿಗೆ

ಮಾನ್ಯರೇ,

ಗುಡ್ಡದ ಮೇಲಿನ ಸಣ್ಣ ರೈತರನ್ನು ಮಾರುಕಟ್ಟೆಗೆ ತಲುಪಿಸುವ ಮಹಾಕಾರ್ಯ ಹೊತ್ತು ಕೊಲ್ಹಾಪುರದ ಸರ್ಕಾರಿ ಯೋಜನೆಯ ಕಚೇರಿಯಲ್ಲಿ ಕುಳಿತಿರುವ ತಮಗೆ ಉದಗಾಂವದ ಒಬ್ಬ ಕಿರಾಣಿ ಅಂಗಡಿಯವನ ಅಭಿನಂದನೆಗಳು. ಗಡಹಿಂಗ್ಲಜದ ಆಚೆಯ ಗುಡ್ಡದಲ್ಲಿರುವ ಲಗಮವ್ವನ ಕೈಯಲ್ಲಿದ್ದ ಒಳ್ಳೆಯ ಮಾರುಕಟ್ಟೆಯನ್ನು ತಾವು ಒಂದು ಯಂತ್ರ ಕೊಟ್ಟು ಮುಚ್ಚಿಸಿದ್ದೀರಿ. ಇಷ್ಟು ಚೊಕ್ಕ ಕೆಲಸ ನಮ್ಮ ದಲಾಲರ ಕೈಯಲ್ಲೂ ಆಗಿರಲಿಲ್ಲ. ಪತ್ರ ಕನ್ನಡದಲ್ಲಿದೆ, ಕ್ಷಮಿಸಿ, ಯಾರಿಂದಲಾದರೂ ಓದಿಸಿಕೊಳ್ಳಿ. ತಮ್ಮ ಇಂಗ್ಲಿಷ್ ಷರತ್ತುಗಳನ್ನು ಲಗಮವ್ವನೂ ಹಾಗೆಯೇ ಓದಿಸಿಕೊಂಡಳು.

ಅವಳು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಯಂತ್ರದ ಉದ್ಘಾಟನೆಯ ಫೋಟೋದಲ್ಲಿ ತಮ್ಮ ಪಕ್ಕ ನಿಂತವಳು. ನೀರು ಹತ್ತದ ಇಳಿಜಾರು ಹೊಲದಲ್ಲಿ ಗುರೆಳ್ಳು ಬೆಳೆಯುತ್ತಾಳೆ. ಅದನ್ನು ಹುರಿದು, ಒಣಮೆಣಸಿನಕಾಯಿ ಸೇರಿಸಿ, ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಚಟ್ನಿ ಕುಟ್ಟುತ್ತಾಳೆ. ಅವಳ ಮನೆಯಲ್ಲಿ ಎರಡು ಒರಳುಗಳಿವೆ. ಒಂದರಲ್ಲಿ ಬೆಳ್ಳುಳ್ಳಿ ಹಾಕಿದ ಚಟ್ನಿ. ಅದು ಸಂತೆಗೆ, ಮತ್ತೆ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ನಮ್ಮ ಕಡೆಯ ಜನಕ್ಕೆ. ಇನ್ನೊಂದು ಒರಳು ಬೆಳ್ಳುಳ್ಳಿಯ ಮುಖವನ್ನೇ ಕಂಡದ್ದಿಲ್ಲ. ಹೆಂಗಸರು ಅದನ್ನು ನಗುತ್ತ ‘ಬಸ್ತಿ ಒಳ್ಳು’, ಅಂದರೆ ಜೈನ ಬಸದಿಯ ಒರಳು, ಎನ್ನುತ್ತಾರೆ. ಅದರ ಚಟ್ನಿ ನನ್ನ ಅಂಗಡಿಗೆ. ಯಾಕೆಂದರೆ ಉದಗಾಂವ, ನಾಂದಣಿಯ ನಮ್ಮ ಜೈನರ ಮನೆಗಳಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಬೆಳ್ಳುಳ್ಳಿ, ಉಳ್ಳಾಗಡ್ಡಿ ಹೊಸ್ತಿಲು ದಾಟುವುದಿಲ್ಲ. ಬಾಯಿರುಚಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಒಬ್ಬರ ವ್ರತದಿಂದ ಇನ್ನೊಬ್ಬರ ಒಲೆ ಉರಿಯುತ್ತಿತ್ತು. ಇದಕ್ಕೆ ‘ಮಾರುಕಟ್ಟೆ ಜೋಡಣೆ’ ಎಂಬ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ಸುಸೂತ್ರವಾಗಿ ನಡೆದಿತ್ತು.

ಯುಗಾದಿ ಪಾಡ್ವಾ ಕಳೆದ ಮೇಲೆ ತಾವು ಬಂದಿರಿ, ಹಿಂದೆಯೇ ಯಂತ್ರ ಬಂತು. ಫಳಫಳ ಹೊಳೆಯುವ ಯಂತ್ರ, ತಗಡಿನ ಶೆಡ್ಡು, ಶೆಡ್ಡಿಗಿಂತ ದೊಡ್ಡ ಬೋರ್ಡು. ಷರತ್ತು ಇಷ್ಟೇ: ಅನುದಾನ ಪಡೆದ ಗುಂಪು ಎಲ್ಲ ಮಾಲನ್ನೂ ಇದರಲ್ಲೇ ಅರೆಯಬೇಕು, ಮನೆಯ ಒರಳು ಬಂದ್. ಸ್ವಚ್ಛತೆಯ ಪ್ರಶ್ನೆಯಂತೆ. ಆಗಲೇ ಲಗಮವ್ವ ಎದ್ದು ನಿಂತು ಹೇಳಿದ್ದಳು: “ಸಾಹೇಬ್ರ, ಬೆಳ್ಳುಳ್ಳಿ ಇಲ್ಲದ ಚಟ್ನಿಗಿ ಬ್ಯಾರೆ ಮಶೀನ ಬೇಕಾಕ್ಕೈತ್ರಿ.” ತಾವು ನಕ್ಕಿರಿ. “ಲಸೂಣ ನಾಹೀ? ಮಗ ಚವ ಕಶೀ ಯೇಣಾರ?” ಬೆಳ್ಳುಳ್ಳಿಯೇ ಇಲ್ಲದಿದ್ದರೆ ರುಚಿ ಹೇಗೆ ಬಂದೀತು! ತಮ್ಮ ಜೊತೆ ಬಂದವರೂ ನಕ್ಕರು. ಗ್ರಾಹಕರ ಅಭಿರುಚಿಯ ಅಧ್ಯಯನ ಎಂದು ತಮ್ಮ ವರದಿಗಳಲ್ಲಿ ಬರುತ್ತದಲ್ಲ, ಅದು ಮುಗಿಯುವುದು ಹೀಗೆಯೇ ಏನು? ನೀವೇನು ತಿನ್ನುತ್ತೀರಪ್ಪ ಎಂದು ನಮ್ಮನ್ನು ಒಂದು ಮಾತು ಕೇಳಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಜ್ಯೇಷ್ಠದಲ್ಲಿ, ಜನ ಚಾತುರ್ಮಾಸಕ್ಕೆ ಸಾಮಾನು ಕೂಡಿಸುವ ಹೊತ್ತಿಗೆ, ಲಗಮವ್ವ ಬಸ್ಸಿನಲ್ಲಿ ಚೀಲ ಹೇರಿಕೊಂಡು ಬಂದಳು. ನಾಂದಣಿಯ ಹಿರಿಯರಾದ ಯಮುನಾಬಾಯಿ ಅಂಗಡಿಯಲ್ಲೇ ಕುಳಿತಿದ್ದರು. ಅವರು ಒಯ್ದರೆ ಅವರ ಇಡೀ ಓಣಿ ಒಯ್ಯುತ್ತದೆ. ಅವರು ಪಾಕೀಟು ತಿರುಗಿಸಿ ನೋಡಿದರು.

“ಈ ಸಲ ಭಾಳ ಸಣ್ಣಾಗೇತಲ್ಲ. ಒಳ್ಳಾಗ ಕುಟ್ಟಿಲ್ಲೇನ ಲಗಮವ್ವಾ?”

“ಇಲ್ರಿ ಬಾಯಾರ. ಮಶೀನಿನ್ಯಾಗ ಅರದೇವ್ರಿ.”

“ಬೆಳ್ಳುಳ್ಳಿದೂ ಅದರಾಗ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಗುಡ್ಡ ಹತ್ತಿ ಯಾರು ನೋಡಲು ಹೋಗುತ್ತಿದ್ದರು?

“ಹೌದ್ರಿ. ಹೇಳೇ ಕೊಡಬೇಕಂತ ಬಂದೇನ್ರಿ. ತಿಕ್ಕಿ ತಿಕ್ಕಿ ತೊಳದೇವಿ, ಖರೆ. ಆದ್ರ ವಾಸನಿ ಹೋಗವಲ್ದು. ನಡೀತೈತಿ ಅಂದ್ರ ತಗೋರಿ.”

ಯಮುನಾಬಾಯಿ ಪಾಕೀಟನ್ನು ಮೆಲ್ಲಗೆ ಕೆಳಗಿಟ್ಟರು. “ನಡ್ಯಾಂಗಿಲ್ಲವಾ ನಮಗ. ನೀ ಹೇಳಿದ್ದು ಚಲೋ ಆತು.” ನಾನು ತರಿಸಿದ ಚಹಾ ಕೂಡ ಮುಟ್ಟದೆ ಲಗಮವ್ವ ಚೀಲ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಮುಂದಿನ ವಾರ ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೇ ಬಂದೆ. ತಾವು ಅರ್ಧ ಕೇಳಿಯೇ ಪರಿಹಾರ ಕೊಟ್ಟಿರಿ: “ಅಹೋ, ಸಾಂಗಾಯಚಂ ಕಶಾಲಾ?” ಹೇಳುವುದಾದರೂ ಯಾಕೆ? ಪಾಕೀಟಿನ ಮೇಲೆ ‘ಬೆಳ್ಳುಳ್ಳಿ ಇಲ್ಲ’ ಎಂದು ಅಚ್ಚು ಹಾಕಿಸಿದರೆ ಮುಗಿಯಿತಂತೆ. ಆಹಾ! ಇದನ್ನು ಕಲಿಸಲು ಸರ್ಕಾರದ ಯೋಜನೆ ಬೇಕಿತ್ತೇ ಸ್ವಾಮಿ? ಸುಳ್ಳು ಅಚ್ಚು ಹಾಕುವ ವಿದ್ಯೆಯನ್ನು ಪೇಟೆಯಲ್ಲಿ ಯಾರಾದರೂ ಪುಕ್ಕಟೆ ಹೇಳಿಕೊಡುತ್ತಿದ್ದರು. “ವ್ರತ ಹಿಡದೋರಿಗಿ ಸುಳ್ಳ ಹೇಳಿ ತಿನಸಂದ್ರ ಹೆಂಗ್ರಿ ಸಾಹೇಬ್ರ?” ಎಂದು ಲಗಮವ್ವ ಕೇಳಿದ್ದು ತಮಗೆ ಕೇಳಿಸಲಿಲ್ಲ. ಅಷ್ಟರಲ್ಲಿ ತಮಗೆ ಫೋನು ಬಂದಿತ್ತು.

ತಾವು ಬರೀ ಯಂತ್ರವನ್ನು ಉದ್ಯಮ ಎಂದುಕೊಂಡಿದ್ದೀರಿ. ಆ ಗುಡ್ಡದಿಂದ ಕೃಷ್ಣೆಯ ದಂಡೆಯವರೆಗೆ ಅವಳು ಬೋರ್ಡಿಲ್ಲದೆ ಕಟ್ಟಿದ್ದು ಒಂದೇ ನಂಬಿಕೆ: ಲಗಮವ್ವ ಹೌದೆಂದರೆ ಹೌದು. ಈ ಚಾತುರ್ಮಾಸ ಕೈತಪ್ಪಿದರೆ ನಮ್ಮ ಮನೆಗಳು ಬೇರೆ ಚಟ್ನಿಗೆ ಒಗ್ಗಿಕೊಳ್ಳುತ್ತವೆ, ಅವಳ ಗುರೆಳ್ಳು ಹಸಿಯಾಗಿಯೇ ದಲಾಲನ ಚೀಲ ಸೇರುತ್ತದೆ, ಆ ಹೆಂಗಸರು ಕಂಡವರ ಕಬ್ಬಿನಲ್ಲಿ ಕಳೆ ತೆಗೆಯಲು ಹೋಗುತ್ತಾರೆ. ತಮ್ಮ ವರದಿಯಲ್ಲಿ ಮಾತ್ರ ಅವರೆಲ್ಲ ಉದ್ಯಮಿಗಳಾಗಿಯೇ ಉಳಿಯುತ್ತಾರೆ. ನನಗೆ ಸಿಟ್ಟು ಬಂದಿದೆ ಸ್ವಾಮಿ, ಮುಚ್ಚಿಡುವುದಿಲ್ಲ.

ಆದ್ದರಿಂದ ಚಾತುರ್ಮಾಸ ಕೂಡುವ ಮೊದಲು, ಬೆಳ್ಳುಳ್ಳಿ ಇಲ್ಲದ ಮಾಲನ್ನು ಮನೆಯ ಒರಳಿನಲ್ಲಿ ಕುಟ್ಟಬಹುದೆಂದು ಬರೆದುಕೊಡಿ. ಇಲ್ಲವೇ ಅದಕ್ಕೇ ಮೀಸಲಾಗಿ ಇನ್ನೊಂದು ಸಣ್ಣ ಯಂತ್ರ ಕೊಡಿ. ಎರಡೂ ಆಗದಿದ್ದರೆ ಮೂರನೆಯ ದಾರಿಯನ್ನು ಲಗಮವ್ವನೇ ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದ್ದಾಳೆ. ಅವಳ ಮಾತನ್ನು ಹಾಗೆಯೇ ತಲುಪಿಸುತ್ತಿದ್ದೇನೆ:

“ಮಶೀನ ಹೊಳ್ಳಿ ಒಯ್ಯಾಕ ಹೇಳ್ರಿ ಅಣ್ಣಾರ. ನಮ್ಮ ರಟ್ಟಿ ಇನ್ನಾ ಗಟ್ಟಿ ಅದಾವು.”

ಇಂತಿ,
ತಾವು ಹುಡುಕಿಕೊಡುವ ಮೊದಲೇ ಅವಳಿಗೆ ಸಿಕ್ಕಿದ್ದ ಗಿರಾಕಿಗಳ ಪರವಾಗಿ,
ಶಾಂತಿನಾಥ, ಕಿರಾಣಿ ವ್ಯಾಪಾರಿ, ಉದಗಾಂವ
(ಸದ್ಯ ನಮ್ಮಲ್ಲಿ ಚಟ್ನಿ ಸಿಗುವುದಿಲ್ಲ)