ಯಮನೂರನ ಬೈಕಿನ ಹೊಗೆ

ಆಗಸ್ಟ್ 19, ಮಂಗಳವಾರ. ಸಿದ್ದಾಪುರ.

ನನ್ನ ಹುಲ್ಲು ಕತ್ತರಿಸುವ ಮಷೀನಿನ ಪಿಸ್ಟನ್ ಗೀರುಬಿದ್ದು ಹಿಡಿದುಕೊಂಡಿದೆ. ಆಯಿಲ್ ಬೆರೆಸದ ಬರೀ ಪೆಟ್ರೋಲಿನಲ್ಲಿ ಓಡಿಸಿದರೆ ಹೀಗಾಗುತ್ತದೆ. ಆದರೆ ಗದ್ದೆಯ ಬದುವಿನ ಹುಲ್ಲಿಗೆಂದು ಒಯ್ದ ಗೆಳೆಯ ಯಮನೂರನಿಗೆ ನಾನೇ ಆಯಿಲ್ ಬೆರೆಸಿ ಕ್ಯಾನು ತುಂಬಿ ಕೊಟ್ಟಿದ್ದೆ.

ಸಂಜೆ ಅವನು ನಮ್ಮ ಮನೆಗೆ ಬಂದಾಗ ಕೇಳಿದೆ.

"ನೀ ಕೊಟ್ಟಿದ್ದನ್ನ ಹಾಕೀನೋ. ನಿಮ್ಮವ್ವನ ಆಣಿ" ಎಂದ.

ಅವ್ವ ಅವನಿಗೂ ಉಣಬಡಿಸಿ ಬೆಳೆಸಿದವಳು. ಅನುಮಾನಪಟ್ಟಿದ್ದಕ್ಕೆ ನನಗೇ ನಾಚಿಕೆಯಾಯಿತು.

ಅವನು ಬೈಕು ಹತ್ತಿ ಹೊರಟ. ಓಣಿ ತುಂಬ ಬಿಳಿ ಹೊಗೆ, ಸುಟ್ಟ ಆಯಿಲಿನ ವಾಸನೆ. ಆಯಿಲ್ ಬೆರೆತ ಪೆಟ್ರೋಲು ಹಾಕಿದರೆ ಬೈಕು ಹೀಗೇ ಹೊಗೆ ಉಗುಳುತ್ತದೆ. ನಾನು ಬೆರೆಸಿದ ಪೆಟ್ರೋಲು ಅವನ ಬೈಕಿನ ಟ್ಯಾಂಕಿನಲ್ಲಿತ್ತು, ಮಷೀನಿಗೆ ಬಿದ್ದದ್ದು ಬರೀ ಪೆಟ್ರೋಲು.

ಅವ್ವ ಕೆಮ್ಮುತ್ತ ಹೊರಗೆ ಬಂದಳು. "ಪಾಪ, ಅವನ ಗಾಡಿ ಕೆಟ್ಟೈತಿ. ನೀನಾರ ರಿಪೇರಿ ಮಾಡಿಕೊಡಪಾ" ಎಂದಳು.

ಹೂಂ ಅಂದೆ. ಆಣೆಯ ಮಾತು ಅವಳಿಗೆ ಹೇಳಲು ಬಾಯಿ ಬರಲಿಲ್ಲ.